ಮಗ್ಗದ ಮರದಿಂದ ಒಂದು ಮೇಜು

ಎರಡು ವರ್ಷಗಳ ಹಿಂದಿನ ಮಾತು. ದೀಪಾವಳಿಯ ಸೂಟಿಯಲ್ಲಿ ನಾನು ಇಚಲಕರಂಜಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳು ಆಗ ಮೂರನೆಯ ಇಯತ್ತೆಯಲ್ಲಿದ್ದಳು. ಅವಳ ಶಾಲೆಯಲ್ಲಿ ಮಕ್ಕಳೆಲ್ಲರೂ ತಮ್ಮ ಕೈಯಾರೆ ಮಾಡಿದ ಒಂದೊಂದು ವಸ್ತುವನ್ನು ತರಬೇಕೆಂದು ಹೇಳಿದ್ದರಂತೆ. ಅಳಿಯಂದಿರಿಗೆ ಬಿಡುವಿರಲಿಲ್ಲ, ಪೇಟೆಗೆ ಹೋಗಿ ರಟ್ಟಿನಿಂದ ಮಾಡಿದ ಚೆಂದದ ಮನೆಯೊಂದನ್ನು ಕೊಂಡು ತಂದಿದ್ದರು. ಅದಕ್ಕೆ ಪೂರ್ಣ ಗುಣಗಳು ದೊರೆತಿದ್ದವು. ಆ ಮನೆಯನ್ನು ನನ್ನ ಮುಂದಿಟ್ಟು ಹುಡುಗಿ ಮೆಲ್ಲನೆ ಹೇಳಿದಳು:

“ಅಜ್ಜಾ, ಇದನ್ನ ನಾ ಮಾಡಿಲ್ಲ. ಆದ್ರೂ ನನ್ನ ಹೆಸರ ಬರದಾರ.”

ನಾನು ನಗಬೇಕೆಂದಿದ್ದೆ, ನಗೆ ಬರಲಿಲ್ಲ. ಏಕೆಂದರೆ ಇಂಥ ಮನೆಗಳಿಗೆ, ಇಂಥ ಹೂದಾನಿಗಳಿಗೆ, ಇಂಥ ತೋರಣಗಳಿಗೆ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಗುಣ ಕೊಡುತ್ತ ಬಂದವನು ನಾನೇ. ಗಡಹಿಂಗ್ಲಜ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಮುಖ್ಯಾಧ್ಯಾಪಕನಾಗಿರುವ ನಾನು, ಡಿ.ಎಡ್. ತರಬೇತಿಯಲ್ಲಿ ‘ಕಾರ್ಯಾನುಭವ’ವೆಂಬ ವಿಷಯವನ್ನು ಅಭ್ಯಾಸಮಾಡಿದವನು. ಕೈಕೆಲಸದ ಮಹತ್ವವನ್ನು ಕುರಿತು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವನು. ಆದರೆ ಮಕ್ಕಳು ತಂದ ವಸ್ತು ಯಾರ ಕೈಯಿಂದ ಆದದ್ದೆಂದು ತಿಳಿದಿದ್ದರೂ ಕೇಳದೆ, ಪಟ್ಟಿಯಲ್ಲಿ ಗುಣ ತುಂಬಿದವನು.

“ಹಾಗಾದರೆ ನಾವಿಬ್ಬರೂ ಕೂಡಿ ಒಂದು ವಸ್ತುವನ್ನು ಮಾಡೋಣ. ನಿನಗೇನು ಬೇಕು?” ಎಂದೆ. ಅವಳು ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದವಳು. “ಬರಿಯಾಕ ಒಂದು ಸಣ್ಣ ಮೇಜ” ಎಂದಳು. ಅನಂತರ ಸ್ವಲ್ಪ ತಡೆದು, “ನಿನಗ ಮಾಡಾಕ ಬರ್ತೈತೇನ?” ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನಲ್ಲಿ ಪ್ರಾಮಾಣಿಕವಾದ ಉತ್ತರವೊಂದಿತ್ತು. ಅದನ್ನು ಆಗ ಹೇಳಲಿಲ್ಲ.

ಸೀಳಿದ ಮೇಜು

ಮಗಳು ಚಿಕ್ಕವಳಿದ್ದಾಗ ಅವಳಿಗಾಗಿ ನಾನೊಂದು ಮೇಜನ್ನು ಮಾಡಿದ್ದೆ. ಶ್ರಾವಣ ಮಾಸ, ಆಗತಾನೆ ಕೊಯ್ಸಿ ತಂದ ಹಲಗೆ, ಉತ್ಸಾಹವೊಂದೇ ಬಂಡವಾಳ. ಹಲಗೆಯನ್ನು ನಾಲ್ಕೂ ಬದಿಗೆ ಬಿಗಿಯಾಗಿ ಮೊಳೆ ಹೊಡೆದು ಕೂಡಿಸಿದ್ದೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ, ಒಂದು ರಾತ್ರಿ ‘ಟಪ್ಪ’ನೆ ಸದ್ದಾಯಿತು. ಬೆಳಗ್ಗೆ ನೋಡಿದರೆ ಮೇಜಿನ ನಡುವೆ ಉದ್ದಕ್ಕೂ ಬಿರುಕು. ಮರ ಕೆಟ್ಟದ್ದೆಂದು ಮನೆಯವರಿಗೆ ಹೇಳಿ ಪಾರಾದೆ. ಆ ಮೇಜು ದನದ ಕೊಟ್ಟಿಗೆಯನ್ನು ಸೇರಿ, ಹಿಂಡಿಯ ಡಬ್ಬಿಗಳನ್ನು ಹೊತ್ತು ನಿಂತಿತು.

ಊರಿಗೆ ಮರಳಿದ ಮೇಲೆ ನಮ್ಮೂರಿನ ಹಿರಿಯ ಬಡಗಿಯವರನ್ನು ಕರೆತಂದು ಆ ಮೇಜನ್ನೇ ತೋರಿಸಿದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಅವರು ಮೇಜನ್ನು ತಿರುವಿಹಾಕಿ, ತುಕ್ಕು ಹಿಡಿದ ಮೊಳೆಗಳ ಮೇಲೆ ಬೆರಳಾಡಿಸಿ ಅಂದರು:

“ಮರಾ ಚಲೋನ ಐತ್ರಿ ಮಾಸ್ತರ. ನೀವು ಅದನ್ನ ನಾಕೂ ಕಡೆ ಕಟ್ಟಿಹಾಕೀರಿ. ಅದು ಉಸರಾಡೂದು ಎಲ್ಲಿ?”

ಈ ಒಂದು ಮಾತಿನಲ್ಲಿ ಇಡೀ ವಿಷಯವಿತ್ತು. ಕಡಿದ ಮರ ಜೀವ ಕಳೆದುಕೊಂಡರೂ ನೀರಿನ ಸಂಬಂಧವನ್ನು ಕಳೆದುಕೊಳ್ಳುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದನ್ನು ಹೀರಿ ಹಿಗ್ಗುತ್ತದೆ. ಒಣಹವೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಎಳೆಗಳ ಉದ್ದಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅಗಲಕ್ಕೆ ಆಗುವುದೇ ಮುಖ್ಯ. ಅದರಲ್ಲಿಯೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆಯು, ತಿರುಳಿನಿಂದ ತೊಗಟೆಯತ್ತ ಆಗುವುದಕ್ಕಿಂತ ಬಹುತೇಕ ಮರಗಳಲ್ಲಿ ಹೆಚ್ಚು, ಹಲವು ಮರಗಳಲ್ಲಿ ಇಮ್ಮಡಿಯಷ್ಟು. ಹದಿನಾರು ಅಂಗುಲ ಅಗಲದ ಸಾಗವಾನಿ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಎರಡು-ಮೂರು ಮಿಲಿಮೀಟರು ಚಲಿಸುವುದು ಅಸಹಜವಲ್ಲ. ಆ ಚಲನೆಯನ್ನು ಮೊಳೆಗಳು ತಡೆದರೆ ಮರ ತನ್ನನ್ನೇ ಸೀಳಿಕೊಳ್ಳುತ್ತದೆ. ನಮ್ಮ ಗಡಹಿಂಗ್ಲಜ ಸೀಮೆ ಇರುವುದೇ ಇಂಥ ಕಡೆಗೆ: ಪಶ್ಚಿಮಕ್ಕೆ ಆಜರೆಯ ಮಳೆನಾಡು, ಪೂರ್ವಕ್ಕೆ ಬಯಲುಸೀಮೆಯ ಒಣಗಾಳಿ. ಇಲ್ಲಿ ಮರಕ್ಕೆ ವರ್ಷದುದ್ದಕ್ಕೂ ವಿಶ್ರಾಂತಿಯಿಲ್ಲ.

ಅಟ್ಟದ ಮೇಲಿನ ಮಗ್ಗ

ಮರವೆಲ್ಲಿಂದ ತರಬೇಕು? ಕೊಲ್ಹಾಪುರದ ಟಿಂಬರ್ ಮಾರ್ಕೆಟ್ಟಿಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಬೀಗರ ಮನೆಯಿಂದ ಸುದ್ದಿ ಬಂತು: ಮನೆಯ ಮೇಲ್ಚಾವಣಿ ದುರಸ್ತಿಗಾಗಿ ಅಟ್ಟವನ್ನು ಬರಿದು ಮಾಡುತ್ತಿದ್ದಾರೆ, ಹಳೆಯ ಕೈಮಗ್ಗದ ಮರಗಳಿವೆ, ಸೌದೆಗೆ ಕೊಡುವ ಮೊದಲು ನೋಡಿರಿ ಎಂದು.

ಅಳಿಯಂದಿರ ಅಜ್ಜನವರು ರಬಕವಿಯ ಕಡೆಯಿಂದ ಇಚಲಕರಂಜಿಗೆ ಬಂದು ನೆಲೆಸಿದ ನೇಕಾರರು. ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರ ಎಂಬವರು ಮೊದಲ ವಿದ್ಯುನ್ಮಗ್ಗವನ್ನು ಹೂಡಿದ್ದು ೧೯೦೪ರಲ್ಲಿ. ಎರಡು ವರ್ಷಗಳ ತರುವಾಯ, ೧೯೦೬ರಲ್ಲಿ, ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ನೂಲು ಮತ್ತು ನೇಯ್ಗೆಯ ಗಿರಣಿಯನ್ನು ಆರಂಭಿಸಿದರು. ಇದೇ ಶಾಹೂ ಮಹಾರಾಜರು ೧೯೧೭ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದವರು. ಮಗ್ಗ ಮತ್ತು ಶಾಲೆ ಎರಡೂ ಈ ಸೀಮೆಯ ಬಾಳನ್ನು ಒಂದೇ ಕಾಲಕ್ಕೆ ಬದಲಿಸತೊಡಗಿದವು. ವಿದ್ಯುನ್ಮಗ್ಗ ಊರನ್ನು ಬೆಳೆಸಿತು. ಮನೆಯ ಕುಣಿಮಗ್ಗವನ್ನು ಅಟ್ಟಕ್ಕೇರಿಸಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಆ ಮನೆಯ ಮೂರು ತಲೆಮಾರು ಉಂಡದ್ದು ವಿದ್ಯುನ್ಮಗ್ಗದ ಅನ್ನವನ್ನೇ.

ಹೋಗಿ ನೋಡಿದೆ. ಧೂಳಿನಲ್ಲಿ ನಾಲ್ಕು ಕಂಬಗಳು, ಆರು ಅಂಗುಲ ಅಗಲದ ಒಂದು ತೊಲೆ, ಬಟ್ಟೆ ಸುತ್ತುತ್ತಿದ್ದ ದಿಂಡು, ಒಡೆದ ಒಂದು ಲಾಳಿ. ಎಲ್ಲವೂ ಸಾಗವಾನಿ, ಲಾಳಿಯೊಂದನ್ನು ಬಿಟ್ಟು. ದಿಂಡಿನ ಮೇಲೆ ಬೆರಳಿಟ್ಟರೆ ಗಾಜಿನಂಥ ನುಣುಪು. ತೊಲೆಯ ಒಂದು ಅಂಚಿನಲ್ಲಿ ದಾರಗಳು ಉಜ್ಜಿ ಉಜ್ಜಿ ಮಾಡಿದ ಸಣ್ಣ ಸಣ್ಣ ಗೀರುಗಳು. ಐವತ್ತು ವರ್ಷ ಅಟ್ಟದಲ್ಲಿ ಒಣಗಿದ ಮರ! ಹಸಿ ಹಲಗೆ ಗಾಳಿಗೆ ಒಣಗಬೇಕಾದರೆ ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಸ್ಥೂಲ ಲೆಕ್ಕ. ಬೀಗರ ಅಪ್ಪಣೆ ಪಡೆದು ದಿಂಡನ್ನು ಅವರ ಮನೆಯಲ್ಲಿಯೇ ಇರಿಸಿ, ತೊಲೆ ಮತ್ತು ಕಂಬಗಳನ್ನು ಟೆಂಪೋದಲ್ಲಿ ಊರಿಗೆ ತಂದೆ.

ಅಳತೆ

ಮೇಜಿನ ಅಳತೆಯನ್ನು ಪುಸ್ತಕದಿಂದ ತೆಗೆದುಕೊಳ್ಳಬಾರದು, ಬಳಸುವವರ ಮೈಯಿಂದ ತೆಗೆದುಕೊಳ್ಳಬೇಕು ಎಂಬುದು ಕಾಕಾ ಹೇಳಿದ ಮೊದಲ ಪಾಠ. ಹುಡುಗಿಯನ್ನು ಚಕ್ಕಳಮಕ್ಕಳ ಹಾಕಿ ಕೂಡಿಸಿ ಅಳೆದೆವು. ನೆಲದಿಂದ ಮೊಣಕಾಲು ಐದೂವರೆ ಅಂಗುಲ. ಮೊಳಕೈ ಏಳು ಅಂಗುಲ. ಮೊಣಕಾಲು ಒಳಗೆ ಸೇರಬೇಕು, ಮೊಳಕೈ ತೀರ ಮೇಲೇರಬಾರದು. ಅವಳು ಬೆಳೆಯುವ ಮಗು, ಸದ್ಯಕ್ಕೆ ಜಮಖಾನೆಯ ಮಡಿಕೆಯ ಮೇಲೆ ಕೂಡಬಹುದು. ಹೀಗೆ ವಿಚಾರಮಾಡಿ ಮೇಜಿನ ಎತ್ತರವನ್ನು ಒಂಬತ್ತೂವರೆ ಅಂಗುಲವೆಂದು ಗೊತ್ತುಮಾಡಿದೆವು. ಮೇಲುಹಲಗೆ ಇಪ್ಪತ್ತೆರಡು ಅಂಗುಲ ಉದ್ದ, ಹದಿನಾರು ಅಗಲ, ಮುಕ್ಕಾಲು ದಪ್ಪ. ಕಾಲುಗಳು ಎಂಟೂಮುಕ್ಕಾಲು ಅಂಗುಲ ಎತ್ತರ, ಒಂದೂಮುಕ್ಕಾಲು ಅಂಗುಲ ಚೌಕ. ಕಾಲುಗಳನ್ನು ಕೂಡಿಸುವ ನಾಲ್ಕು ಪಟ್ಟಿಗಳು ಎರಡೂವರೆ ಅಂಗುಲ ಅಗಲ, ಮುಕ್ಕಾಲು ದಪ್ಪ. ಪಟ್ಟಿಯ ಕೆಳಗೆ ಮೊಣಕಾಲಿಗೆ ಆರೂಕಾಲು ಅಂಗುಲ ಜಾಗ ಉಳಿಯಿತು.

ಚೌಕಟ್ಟಿನ ಹೊರ ಅಳತೆ ಹತ್ತೊಂಬತ್ತಕ್ಕೆ ಹದಿಮೂರು ಎಂದಿಟ್ಟುಕೊಂಡರೆ, ಪಟ್ಟಿಗಳ ಉದ್ದವೆಷ್ಟು? ಈ ಲೆಕ್ಕವನ್ನು ಮೊಮ್ಮಗಳಿಗೇ ಬಿಟ್ಟೆ. ಎರಡು ಕಾಲುಗಳ ದಪ್ಪ ಮೂರೂವರೆ ಕಳೆದು, ಎರಡೂ ತುದಿಯ ಒಂದೊಂದು ಅಂಗುಲದ ನಾಲಗೆಯನ್ನು ಕೂಡಿಸಬೇಕು. ಅವಳು ಮೊದಲು ನಾಲಗೆಗಳನ್ನು ಮರೆತಳು. ಮತ್ತೆ ಲೆಕ್ಕಹಾಕಿ ಹದಿನೇಳೂವರೆ, ಹನ್ನೊಂದೂವರೆ ಎಂದು ತಂದಾಗ ಕಾಕಾ ತಲೆದೂಗಿದರು. ಕೂಡಿಸುವ-ಕಳೆಯುವ ಲೆಕ್ಕಗಳನ್ನು ನಾನು ಹಲಗೆಯ ಮೇಲೆ ಸಾವಿರ ಸಲ ಬರೆದಿದ್ದೇನೆ. ತಪ್ಪಿದರೆ ಮರ ಹಾಳಾಗುತ್ತದೆ ಎಂಬ ಭಯದಿಂದ ಒಂದು ಮಗು ಎರಡನೆಯ ಸಲ ಅಳೆಯುವುದನ್ನು ಅಂದೇ ಕಂಡದ್ದು.

ಕೆಲಸ

ತೊಲೆಯಲ್ಲಿ ಮುರಿದ ಮೊಳೆಗಳಿದ್ದಾವೆಯೇ ಎಂದು ಅಯಸ್ಕಾಂತದಿಂದ ಹುಡುಕಿ ತೆಗೆದು, ಗಡಹಿಂಗ್ಲಜದ ಗಿರಣಿಯಲ್ಲಿ ಹಲಗೆಗಳಾಗಿ ಕೊಯ್ಸಿದೆವು. ಉಳಿದುದೆಲ್ಲ ಕೈಕೆಲಸ. ಶನಿವಾರ ಮಧ್ಯಾಹ್ನ ಮತ್ತು ರವಿವಾರಗಳನ್ನು ಕೂಡಿಸಿಕೊಂಡು ಮೂರು ತಿಂಗಳು ಹಿಡಿಯಿತು. ಹುಡುಗಿ ಸೂಟಿಯಿದ್ದಾಗಲೆಲ್ಲ ಬರುತ್ತಿದ್ದಳು.

ಮೇಲುಹಲಗೆಗೆ ಮೂರು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಬೇಕಾಗಿತ್ತು. ಕೀಸುಳಿಯಿಂದ ಅಂಚನ್ನು ಹೆರೆದು, ಎರಡು ಹಲಗೆಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬೆಳಕಿಗೆ ಹಿಡಿಯುವುದು; ನಡುವೆ ಎಲ್ಲಿಯೂ ಬೆಳಕು ಕಾಣದವರೆಗೆ ಹೆರೆಯುವುದು. ಇದಕ್ಕೇ ಎರಡು ರವಿವಾರ ಹೋದವು. ತಿರುಳಿನ ಬದಿ ಒಂದು ಹಲಗೆಯಲ್ಲಿ ಮೇಲಾದರೆ ಮುಂದಿನದರಲ್ಲಿ ಕೆಳಗಾಗುವಂತೆ ಇಟ್ಟೆವು. ಬಾಗಿದರೂ ಎಲ್ಲವೂ ಒಂದೇ ಕಡೆ ಬಾಗದಿರಲಿ ಎಂದು. ಅಂಟು ಹಚ್ಚಿದ ಮೇಲೆ ಬಿಗಿಯಲು ನಮ್ಮಲ್ಲಿ ಉದ್ದನೆಯ ಕಬ್ಬಿಣದ ಹಿಡಿಕೆಗಳಿರಲಿಲ್ಲ. ಕಾಕಾ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿದರು. ಹಗ್ಗ ಹುರಿಗೊಂಡಂತೆ ಹಲಗೆಗಳು ಕೂಡಿಕೊಂಡವು.

ಕಾಲಿನಲ್ಲಿ ಕುಳಿ, ಪಟ್ಟಿಯ ತುದಿಯಲ್ಲಿ ನಾಲಗೆ: ಇದೇ ಮೇಜಿನ ಜೀವ. ಪಟ್ಟಿಯ ದಪ್ಪವನ್ನು ಮೂರು ಪಾಲು ಮಾಡಿ ನಡುವಿನ ಪಾಲನ್ನು ನಾಲಗೆಯಾಗಿ ಉಳಿಸುವುದು ರೂಢಿ. ಮುಕ್ಕಾಲು ಅಂಗುಲಕ್ಕೆ ಕಾಲು ಅಂಗುಲ. ಕುಳಿಯನ್ನು ಮೊದಲು ತೋಡಿ, ಅದಕ್ಕೆ ತಕ್ಕಂತೆ ನಾಲಗೆಯನ್ನು ಹೆರೆಯಬೇಕು. ಕುಳಿಯನ್ನು ಚಿಕ್ಕದು ಮಾಡಲು ಬರುವುದಿಲ್ಲ, ನಾಲಗೆಯನ್ನು ತೆಳ್ಳಗೆ ಮಾಡಬಹುದು. ನಾನು ತೋಡಿದ ಮೊದಲ ಕುಳಿ ವಾರೆಯಾಯಿತು. ಉಳಿಗೆ ಕೊಡತಿಯಿಂದ ಹೊಡೆಯುವಾಗ ಕಣ್ಣು ಉಳಿಯ ತುದಿಯ ಮೇಲಿರುವ ಬದಲು ಕೊಡತಿಯ ಮೇಲಿತ್ತು. ಮೂರನೆಯ ಕಾಲಿನ ಹೊತ್ತಿಗೆ ಕೈ ಹದಕ್ಕೆ ಬಂತು. ನಾಲಗೆ ಕುಳಿಯೊಳಗೆ ಕೈಬಲದಿಂದಲೇ ಹೋಗಬೇಕು, ಆದರೆ ತಾನಾಗಿ ಜಾರಿ ಬೀಳಬಾರದು. ಮೊದಲ ಕಾಲನ್ನು ಹೊಸದಾಗಿ ಮಾಡಿದೆ. ಕೆಟ್ಟುದನ್ನು ಕಾಕಾ ಒಲೆಗೆ ಹಾಕಗೊಡಲಿಲ್ಲ. ಅದು ಈಗ ನನ್ನ ಶಾಲೆಯ ಕೋಣೆಯಲ್ಲಿದೆ.

ಚೌಕಟ್ಟು ಮೂಲೆಗೆ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎದುರು ಮೂಲೆಯಿಂದ ಎದುರು ಮೂಲೆಗೆ ಒಂದು ದಾರ ಹಿಡಿದು ಅಳೆಯಬೇಕು. ಎರಡೂ ಕರ್ಣಗಳು ಸಮವಾಗಿದ್ದರೆ ಚೌಕಟ್ಟು ಸರಿ. ಆಯತದ ಕರ್ಣಗಳು ಸಮ ಎಂಬ ಪ್ರಮೇಯವನ್ನು ನಾನು ಹಲವು ತಂಡಗಳಿಗೆ ಬಾಯಿಪಾಠ ಮಾಡಿಸಿದ್ದೇನೆ. ದಾರ ಹಿಡಿದು ತೋರಿಸಿದ್ದು ಆ ದಿನ.

ಕೊನೆಗೆ ಮೇಲುಹಲಗೆ. ಇಲ್ಲಿಯೇ ಹಿಂದೆ ನಾನು ಸೋತದ್ದು. ಈ ಸಲ ಮೊಳೆಯನ್ನೂ ಹೊಡೆಯಲಿಲ್ಲ, ಅಂಟನ್ನೂ ಹಚ್ಚಲಿಲ್ಲ. ಪಟ್ಟಿಗಳ ಒಳಮೈಯಲ್ಲಿ, ಮೇಲಂಚಿನ ಸಮೀಪ, ಒಂದು ಕಿರುಗಾಲುವೆಯನ್ನು ಕೊರೆದೆವು. ತುದಿಗೆ ಗಿಡ್ಡ ನಾಲಗೆಯಿರುವ ಎಂಟು ಮರದ ತುಣುಕುಗಳನ್ನು ಮಾಡಿ, ನಾಲಗೆಯನ್ನು ಆ ಕಾಲುವೆಯಲ್ಲಿ ಸಿಕ್ಕಿಸಿ, ತುಣುಕನ್ನು ಮಾತ್ರ ತಿರುಪುಮೊಳೆಯಿಂದ ಮೇಲುಹಲಗೆಗೆ ಬಿಗಿದೆವು. ಹಲಗೆ ಮೇಲೇಳಲಾರದು, ಆದರೆ ಹಿಗ್ಗಿದರೆ, ಕುಗ್ಗಿದರೆ ತುಣುಕಿನ ನಾಲಗೆ ಕಾಲುವೆಯೊಳಗೆ ಸರಿಯುತ್ತದೆ. ಇಷ್ಟು ಸಣ್ಣ ಸಂಗತಿ ನನಗೆ ಗೊತ್ತಾಗಲು ಇಪ್ಪತ್ತೈದು ವರ್ಷ ಬೇಕಾಯಿತು.

ಮೇಜನ್ನು ಶಹಾಬಾದಿ ಫರಸಿಯ ಮೇಲಿಟ್ಟು, ಕುಂಟುತ್ತಿದ್ದ ಕಾಲನ್ನು ಅಕ್ಕಿಕಾಳಿನಷ್ಟು ಹೆರೆದು ನಿಲ್ಲಿಸಿದೆವು. ಹೊಳಪಿನ ಬಣ್ಣ ಬೇಡವೆಂದು ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಸಿದೆವು. ಈ ಎಣ್ಣೆ ಆರುವುದು ನೀರಿನಂತೆ ಆವಿಯಾಗಿ ಅಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಆದುದರಿಂದ ಓದುಗರಿಗೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಸಿಡಬೇಕು.

ಎರಡು ಭಾಷೆಯ ಉಪಕರಣಗಳು

ಕೆಲಸದ ನಡುವೆ ಇನ್ನೊಂದು ಪಾಠ ತಾನಾಗಿಯೇ ನಡೆಯಿತು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿ. ಮನೆಯ ಕನ್ನಡ ಊಟ, ನಿದ್ದೆ, ಬೈಗುಳಗಳಿಗೆ ಸಾಕಾಗುತ್ತದೆ. ಅದರಾಚೆಗೆ ಹೋಗಲು ಸಂದರ್ಭವಿಲ್ಲ. ‘ಕರವತ’ ಎಂದು ಅವಳು ಕೇಳಿದಳು. ಕಾಕಾ ಗರಗಸವನ್ನು ಕೊಟ್ಟು “ಇದಕ್ಕ ನಾವು ಗರಗಸ ಅಂತೀವವ್ವಾ” ಎಂದರು. ರಂಧಾ ಎಂದರೆ ಕೀಸುಳಿ, ಪಟಾಶಿ ಎಂದರೆ ಉಳಿ, ವಾಕಸ ಎಂದರೆ ಬಾಚಿ, ಸುತಾರ ಎಂದರೆ ಬಡಗಿ. ಒಂದು ಮರಾಠಿ ಮಾತನ್ನೂ ಅವಳು ಬಿಟ್ಟುಕೊಡಬೇಕಾಗಲಿಲ್ಲ. ಒಂದೊಂದಕ್ಕೂ ಒಂದು ಕನ್ನಡ ಮಾತು ಜೊತೆಯಾಯಿತು. ಪಟ್ಟಿಮಾಡಿ ಕಂಠಪಾಠ ಮಾಡಿಸಿದ್ದರೆ ಎಂಟು ದಿನಕ್ಕೆ ಮರೆಯುತ್ತಿದ್ದಳು. ಬಾಚಿಯನ್ನು ಕೈಯಲ್ಲಿ ಹಿಡಿದು ಭಾರ ನೋಡಿದವಳು ಬಾಚಿಯೆಂಬ ಮಾತನ್ನು ಮರೆಯುವುದಿಲ್ಲ. ಶರಣರಲ್ಲಿ ಮಗ್ಗದ ಜೇಡರ ದಾಸಿಮಯ್ಯನೂ ಬಾಚಿಕಾಯಕದ ಬಸವಯ್ಯನೂ ಇದ್ದರೆಂದು ಹೇಳಿದಾಗ, “ಹಂಗಾರ ನಮ್ಮ ಮೇಜಿನ್ಯಾಗ ಇಬ್ಬರೂ ಅದಾರ” ಎಂದಳು.

ಹಳೆಯ ಮಾತು, ಹೊಸ ನೀತಿ

ಕೈಯಿಂದ ಕಲಿಯುವ ಈ ವಿಚಾರ ಹೊಸದಲ್ಲ. ಫಿನ್ಲಂಡಿನಲ್ಲಿ ಊನೊ ಸಿಗ್ನೇಯಸ್ ಅವರ ಪ್ರಯತ್ನದಿಂದ ೧೮೬೬ರಲ್ಲಿಯೇ ಜನಶಾಲೆಗಳಲ್ಲಿ ಕೈಕೆಲಸ ಕಡ್ಡಾಯ ವಿಷಯವಾಯಿತು. ಸ್ವೀಡನ್ನಿನ ನೇಸ್ ಎಂಬಲ್ಲಿ ಓಟೋ ಸಾಲೊಮನ್ ಎಂಬವರು ಶಿಕ್ಷಕರಿಗೇ ಮರಗೆಲಸ ಕಲಿಸುವ ಶಾಲೆಯನ್ನು ನಡೆಸಿದರು. ಅನೇಕ ದೇಶಗಳ ಶಿಕ್ಷಕರು ಅಲ್ಲಿಗೆ ಹೋಗಿ ಕಲಿತರು. ಮಕ್ಕಳು ಮಾಡುವ ವಸ್ತು ಪ್ರದರ್ಶನಕ್ಕಲ್ಲ, ಮನೆಯ ಬಳಕೆಗೆ ಬರಬೇಕೆಂಬುದು ಅವರ ನಿಯಮ. ನಮ್ಮಲ್ಲಿ ೧೯೩೭ರ ಅಕ್ಟೋಬರದಲ್ಲಿ ವರ್ಧೆಯಲ್ಲಿ ಗಾಂಧೀಜಿಯವರು ಕರೆದ ಶಿಕ್ಷಣ ಪರಿಷತ್ತು, ಡಾ. ಜಾಕಿರ್ ಹುಸೇನರ ಸಮಿತಿಯ ವರದಿ, ಅದರಿಂದ ಮೂಡಿದ ಮೂಲಶಿಕ್ಷಣ; ೧೯೬೪-೬೬ರ ಕೊಠಾರಿ ಆಯೋಗದ ಕಾರ್ಯಾನುಭವ; ೧೯೭೭ರಲ್ಲಿ ಈಶ್ವರಭಾಯಿ ಪಟೇಲ ಸಮಿತಿ ಸೂಚಿಸಿದ ಸಮಾಜೋಪಯೋಗಿ ಉತ್ಪಾದಕ ಕಾರ್ಯ: ಹೆಸರುಗಳು ಬದಲಾದವು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ಇಯತ್ತೆಯ ಮಕ್ಕಳು ಹತ್ತು ದಿನ ದಫ್ತರವಿಲ್ಲದೆ, ಸ್ಥಳೀಯ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆಂದು ಹೇಳಿದೆ.

ಆಯೋಗಗಳು ಹೇಳಬೇಕಾದುದನ್ನು ಹೇಳಿವೆ. ಪೇಟೆಯ ವಸ್ತುವಿಗೆ ಗುಣ ಕೊಟ್ಟ ಲೇಖನಿ ಮಾತ್ರ ನನ್ನದು. ನನ್ನ ನಿವೃತ್ತಿಗೆ ಇನ್ನು ಹೆಚ್ಚು ಕಾಲವಿಲ್ಲ. ಕಳೆದ ವರ್ಷದಿಂದ ನಮ್ಮ ಶಾಲೆಯಲ್ಲಿ ಮನೆಯಿಂದ ವಸ್ತು ತರುವುದನ್ನು ನಿಲ್ಲಿಸಿದ್ದೇನೆ. ವಾರಕ್ಕೊಮ್ಮೆ ಶಾಲೆಯ ಅಂಗಳದಲ್ಲಿ, ಎಲ್ಲರ ಕಣ್ಣೆದುರಿಗೆ ಮಾಡಬೇಕು. ಕಾಕಾ ಬಂದು ಬೇವಿನ ಮರದ ಕೆಳಗೆ ಕುಳಿತುಕೊಳ್ಳುತ್ತಾರೆ. ಮಕ್ಕಳು ಮಾಡಿದ ಮಣೆಗಳು ಕುಂಟುತ್ತವೆ. ನನ್ನ ವಾರೆಯಾದ ಕಾಲನ್ನು ತೋರಿಸಿ, “ಇದು ನಿಮ್ಮ ಹೆಡ್‌ಮಾಸ್ತರರದು” ಎಂದು ಕಾಕಾ ಹೇಳಿದಾಗ ಮಕ್ಕಳಿಗೆ ಬಹಳ ಸಂತೋಷವಾಗುತ್ತದೆ.

ಮೇಜು ಈಗ ಇಚಲಕರಂಜಿಯಲ್ಲಿದೆ. ಓಣಿಯ ವಿದ್ಯುನ್ಮಗ್ಗಗಳ ಸದ್ದಿನ ನಡುವೆ ಹುಡುಗಿ ಅದರ ಮುಂದೆ ಕುಳಿತು ಮರಾಠಿಯ ಅಭ್ಯಾಸ ಮಾಡುತ್ತಾಳೆ; ಕಾಲುಗಂಟೆ ನನಗಾಗಿ ಕನ್ನಡದ ಕಾಪಿ ಬರೆಯುತ್ತಾಳೆ. ದಾರದ ಗೀರುಗಳಿದ್ದ ಅಂಚನ್ನು ನಾವು ಹೆರೆಯದೆ ಮುಂದಿನ ಬದಿಗೆ ಇಟ್ಟಿದ್ದೇವೆ. ಬೀಗರು ಬಂದವರಿಗೆಲ್ಲ ಅದನ್ನು ಮುಟ್ಟಿ ತೋರಿಸುತ್ತಾರೆ. ಹೋದ ಆಷಾಢದಲ್ಲಿ ಮೇಜಿನ ಅಗಲವನ್ನು ಅಳೆದು ಬರೆದಿಡು ಎಂದು ಅವಳಿಗೆ ಹೇಳಿದ್ದೆ. ಈ ಚೈತ್ರದಲ್ಲಿ ಫೋನು ಮಾಡಿದಳು:

“ಅಜ್ಜಾ, ಹಲಗಿ ಎರಡ ಮಿಲಿಮೀಟರ ಸಣ್ಣ ಆಗೇತಿ. ಆದ್ರ ಎಲ್ಲೂ ಸೀಳಿಲ್ಲ.”

ನಾನು ಕೊಟ್ಟಿಗೆಗೆ ಹೋಗಿ, ಹಳೆಯ ಮೇಜಿನ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದೆ. ಮರ ಒಳ್ಳೆಯದೇ ಇದೆಯೆಂದು ಕಾಕಾ ಹೇಳಿದ್ದರಲ್ಲ.